ಉಡುಗೆಯ ಬಣ್ಣದ ಒಪ್ಪು: ಚಡಚಣ ಸೀಮೆ

ಉಡುಗೆಯ ಬಣ್ಣದ ಒಪ್ಪು ಎಂದರೆ ಉಡುವವರ ಮೈಬಣ್ಣ, ಕೂದಲು ಮತ್ತು ಕಣ್ಣಿಗೆ, ಅವರು ಓಡಾಡುವ ಬೆಳಕಿಗೆ, ಉಡುವ ಸಂದರ್ಭಕ್ಕೆ ಹೊಂದಿ ಬಟ್ಟೆಗಿಂತ ಮೊದಲು ಮುಖವೇ ಎದ್ದು ಕಾಣುವಂತೆ ಮಾಡುವ ಬಣ್ಣದ ಗುಣ. ವಿಜಯಪುರ ಜಿಲ್ಲೆಯ ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಈ ಒಪ್ಪನ್ನು ಗುರುತಿಸುವ ರೂಢಿ ಮುಖ್ಯವಾಗಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಗಂಡಸರ ಧೋತರ ಮತ್ತು ರುಮಾಲು ಹಾಗೂ ಲಂಬಾಣಿ ಉಡುಗೆಗಳ ಸುತ್ತ ಬೆಳೆದಿದೆ.

ವ್ಯಾಪ್ತಿ ಮತ್ತು ಪರಿಭಾಷೆ

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಚಡಚಣ ಹಿಂದೆ ಇಂಡಿ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ತಾಲ್ಲೂಕು ಕೇಂದ್ರ. ಜವಳಿ ವ್ಯಾಪಾರಕ್ಕೆ ಹೆಸರಾದ ಈ ಪೇಟೆಗೆ ಗಡಿಯ ಎರಡೂ ಕಡೆಯ ಕುಟುಂಬಗಳು ಮದುವೆಯ ಬಟ್ಟೆ ಕೊಳ್ಳಲು ಬರುತ್ತವೆ. ಮದುವೆಯ ಜವಳಿಯನ್ನು ಒಟ್ಟಿಗೆ ಕೊಳ್ಳುವುದಕ್ಕೆ ಗಡಿ ಸೀಮೆಯ ಮಾತಿನಲ್ಲಿ ‘ಬಸ್ತಾ’ ಎಂದೂ, ಬೀಗರಿಗೆ ಮತ್ತು ನಂಟರಿಗೆ ಉಡುಗೊರೆಯಾಗಿ ಕೊಡುವ ಬಟ್ಟೆಗೆ ‘ಆಯೇರಿ’ ಎಂದೂ ಹೆಸರು. ಬಸ್ತಾದಲ್ಲಿ ಉಡುವವರೇ ಕುಳಿತು ಬಣ್ಣ ಆರಿಸುತ್ತಾರೆ. ಆಯೇರಿಯಲ್ಲಿ ಕೊಡುವವರೇ ಆರಿಸುತ್ತಾರೆ. ಆದ್ದರಿಂದ ಆಯೇರಿಯ ಬಣ್ಣ ಉಡುವವರಿಗೆ ಒಪ್ಪುವುದು ಅದೃಷ್ಟದ ಮಾತು.

ಈ ಲೇಖನದಲ್ಲಿ ಮೂರು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ಕೆಂಪು, ಹಸಿರು, ನೀಲಿ ಎಂಬ ಭೇದ ‘ವರ್ಣ’. ಒಂದೇ ವರ್ಣದ ತಿಳಿ ಮತ್ತು ದಟ್ಟ ರೂಪಗಳ ಭೇದ ‘ತಿಳಿ-ಕಡು’. ಬಣ್ಣ ಎಷ್ಟು ಶುದ್ಧವಾಗಿದೆ, ಎಷ್ಟು ಬೂದು ಬೆರೆತಿದೆ ಎಂಬುದು ‘ಚುರುಕು’. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ವರ್ಣ ಪದ್ಧತಿ ಈ ಮೂರು ಅಳತೆಗಳ ಮೇಲೆಯೇ ನಿಂತಿದೆ. ಅಂಗಡಿಯ ಮಾತಿನಲ್ಲಿ ಚುರುಕು ಕಡಿಮೆಯಾದದ್ದು ‘ಫಿಕ್ಕಾ’, ಅತಿಯಾದದ್ದು ‘ಭಡಕ’. ತೊಳೆದರೆ ಬಿಡದ್ದು ‘ಪಕ್ಕಾ ಬಣ್ಣ’, ಬಿಡುವಂಥದ್ದು ‘ಕಚ್ಚಾ ಬಣ್ಣ’.

ಬಣ್ಣಗಳ ಹೆಸರುಗಳು ಹೊಲ, ಅಡುಗೆಮನೆ ಮತ್ತು ಹಕ್ಕಿಪಕ್ಷಿಗಳಿಂದ ಬಂದಿವೆ: ಗಿಳಿಹಸಿರು, ನವಿಲುಬಣ್ಣ, ದಾಳಿಂಬರಿ ಕೆಂಪು, ಲಿಂಬೆಹಣ್ಣಿನ ಹಳದಿ, ಬದನೆಕಾಯಿ ಬಣ್ಣ, ಉಳ್ಳಾಗಡ್ಡಿ ಬಣ್ಣ, ಊದಾ. ಇಂಡಿಯ ಲಿಂಬೆ, ಜಿಲ್ಲೆಯ ದಾಳಿಂಬೆ ಎರಡೂ ಕೊಳ್ಳುವವರ ಕಣ್ಣಿಗೆ ಪರಿಚಿತವಾದ ಕಾರಣ ಇಂಥ ಹೆಸರುಗಳು ಛಾಯೆಯನ್ನು ನಿಖರವಾಗಿಯೇ ತಿಳಿಸುತ್ತವೆ. ಮೈಬಣ್ಣಕ್ಕೂ ಇಂಥದೇ ಪದಸಂಪತ್ತಿದೆ: ಗೋಧಿಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಎಣ್ಣೆಗಪ್ಪು. ಇವು ಕೇವಲ ಬಿಳುಪು-ಕಪ್ಪಿನ ಶ್ರೇಣಿಯಲ್ಲ. ‘ಎಣ್ಣೆ’ ಎಂಬ ಪೂರ್ವಪದ ಚರ್ಮದ ಹೊಳಪನ್ನೂ ಹೇಳುತ್ತದೆ, ಮತ್ತು ಬಟ್ಟೆಯ ಬಣ್ಣ ಆರಿಸುವಾಗ ಆ ಹೊಳಪು ಲೆಕ್ಕಕ್ಕೆ ಬರುತ್ತದೆ.

ಹಿನ್ನೆಲೆ

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಸ್ತ್ರೋಪಭೋಗಕ್ಕೆ ಮೀಸಲಾದ ಭಾಗವಿದೆ. ಋತುವಿಗೆ ತಕ್ಕಂತೆ ಬಟ್ಟೆಯನ್ನು ಬದಲಿಸುವುದು ಅಲ್ಲಿ ಒಂದು ವಿಧಿ. ಅದೇ ಶತಮಾನದ ಶರಣರಲ್ಲಿ ಬಸವಣ್ಣನ ಜನ್ಮಸ್ಥಳ ಬಸವನ ಬಾಗೇವಾಡಿ. ಶರಣರ ಬಟ್ಟೆ ಮಡಿ ಮಾಡುವ ಕಾಯಕದ ಮಡಿವಾಳ ಮಾಚಯ್ಯ ಸಿಂದಗಿ ಸೀಮೆಯ ದೇವರ ಹಿಪ್ಪರಗಿಯವನು. ಬಿಳಿ ಬಟ್ಟೆಯನ್ನು ಬಿಳಿಯಾಗಿಯೇ ಇಟ್ಟುಕೊಳ್ಳುವುದು ಕಪ್ಪು ಎರೆ ಭೂಮಿಯ ಈ ನಾಡಿನಲ್ಲಿ ಸಣ್ಣ ಕೆಲಸವಲ್ಲ. ಮಾಚಯ್ಯನ ಕಾಯಕಕ್ಕೆ ದೊರೆತ ಗೌರವದ ಹಿಂದೆ ಈ ನೆಲದ ಗುಣವೂ ಇರಬಹುದು.

ಆಡಳಿತದ ಚರಿತ್ರೆಯೂ ಬಣ್ಣದ ರೂಢಿಯನ್ನು ರೂಪಿಸಿದೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಸೊಲ್ಲಾಪುರದ ಗಿರಣಿ ಮತ್ತು ಪೇಟೆಗಳ ಜೊತೆ ನಿತ್ಯದ ವ್ಯವಹಾರವಿತ್ತು. ಇಳಕಲ್ ಮತ್ತು ಗುಳೇದಗುಡ್ಡಗಳು 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವ ತನಕ ಚಡಚಣವಿದ್ದ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲೇ ಇದ್ದವು. ಮುದ್ದೇಬಿಹಾಳದವರಿಗೆ ಇಳಕಲ್ ಇಂದಿಗೂ ಹತ್ತಿರದ ಊರು.

ಮೌಖಿಕ ಸಾಹಿತ್ಯದಲ್ಲಿ ಈ ರೂಢಿಯ ದಾಖಲೆ ಸಿಗುತ್ತದೆ. ಚಡಚಣಕ್ಕೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಸಂಗಡಿಗರು, ಅಂದರೆ ಹಲಸಂಗಿ ಗೆಳೆಯರು, ಹೆಂಗಸರ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಆ ಬಳಗದ ಸಿಂಪಿ ಲಿಂಗಣ್ಣ 1905ರಲ್ಲಿ ಚಡಚಣದಲ್ಲೇ ಹುಟ್ಟಿದವರು. ಈ ಸೀಮೆಯ ಜನಪದ ಹಾಡುಗಳಲ್ಲಿ ಸೀರೆ, ಕುಪ್ಪಸ, ಬಳೆಗಳು ಬಣ್ಣದ ಹೆಸರಿನಿಂದಲೇ ಬರುತ್ತವೆ. ತವರಿನವರು ಕೊಟ್ಟ ಸೀರೆಯ ಬಣ್ಣ ತವರಿನ ಅಕ್ಕರೆಯ ಅಳತೆಯೂ ಆಗಿತ್ತು.

ಬಣ್ಣಗಳ ಮೂಲ

ರಾಸಾಯನಿಕ ಬಣ್ಣಗಳು ಬರುವ ಮೊದಲು ಯಾವ ಬಣ್ಣ ಒಪ್ಪುತ್ತದೆ ಎಂಬ ಪ್ರಶ್ನೆಗೆ ಮುಂಚೆ ಯಾವ ಬಣ್ಣ ನಿಲ್ಲುತ್ತದೆ ಎಂಬ ಪ್ರಶ್ನೆ ಇತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನಲ್ಲಿ ಮುಖ್ಯವಾಗಿ ಎರಡು ಬಣ್ಣಗಳು ದೃಢವಾಗಿ ನಿಲ್ಲುತ್ತಿದ್ದವು. ಒಂದು, ಮಂಜಿಷ್ಠೆಯ ಬೇರನ್ನು ಪಟಿಕದ ಜೊತೆ ಕಾಯಿಸಿ ಪಡೆದ ಕೆಂಪು. ಇನ್ನೊಂದು, ನೀಲಿ ಗಿಡದ ನೀಲಿ. ನೀಲಗಾರರು ಹರವಿಯಿಂದ ಎತ್ತಿದ ನೂಲು ಮೊದಲು ಹಳದಿ-ಹಸಿರಾಗಿ ಕಾಣುತ್ತದೆ. ಗಾಳಿ ತಗುಲಿದಂತೆ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಮತ್ತೆ ಮತ್ತೆ ಅದ್ದಿದಷ್ಟೂ ಕಡುವಾಗಿ ಕೊನೆಗೆ ಕಪ್ಪಿನ ಹತ್ತಿರ ಬರುತ್ತದೆ. ಅಳಲೆಕಾಯಿಯ ಚೊಗರನ್ನು ಕಬ್ಬಿಣದ ನೀರಿನೊಂದಿಗೆ ಬೆರೆಸಿ ಕಪ್ಪನ್ನು ಪಡೆಯುವ ದಾರಿಯೂ ಇತ್ತು.

ಹಳದಿಯ ಪಾಡು ಬೇರೆ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಈ ಸೀಮೆಯ ಹಿಂಗಾರಿ ಹೊಲಗಳಲ್ಲಿ ಬಿಳಿಜೋಳದ ಜೊತೆ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ಹಳದಿ ಮತ್ತು ಸೊಗಸಾದ ನಸುಗೆಂಪು ಎರಡೂ ದೊರೆಯುತ್ತವೆ. ಆದರೆ ಆ ಕೆಂಪು ಬೆಳಕಿಗೂ ಕ್ಷಾರದ ತೊಳೆತಕ್ಕೂ ತಾಳುವುದಿಲ್ಲ. ನೀಲಿಯ ಮೇಲೆ ಹಳದಿ ಹಾಕಿ ಮಾಡಿದ ಹಸಿರು ಕಾಲಕ್ರಮದಲ್ಲಿ ಹಳದಿ ಕಳೆದುಕೊಂಡು ನೀಲಿಗೆ ಮರಳುತ್ತಿತ್ತು. ದಿನದ ಉಡುಗೆಯಲ್ಲಿ ಕಡುಗೆಂಪು, ಕಡುನೀಲಿ, ಕಪ್ಪು ಹೆಚ್ಚಾಗಿಯೂ ತಿಳಿ ಬಣ್ಣಗಳು ವಿರಳವಾಗಿಯೂ ಉಳಿದದ್ದಕ್ಕೆ ಈ ಗಟ್ಟಿತನದ ಲೆಕ್ಕ ದೊಡ್ಡ ಕಾರಣ.

ಮಂಜಿಷ್ಠೆಯ ಬಣ್ಣದ್ರವ್ಯವಾದ ಅಲಿಜರಿನ್ ಅನ್ನು ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಆ ಬಳಿಕ ವ್ಯಾಟ್ ಮತ್ತು ನ್ಯಾಫ್ತಾಲ್ ಬಣ್ಣಗಳು, 1956ರಿಂದ ಹತ್ತಿಯ ಎಳೆಯೊಡನೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣಗಳು ಬಂದವು. ಬಿಸಿಲಿಗೆ ತಾಳುವ ಗಿಳಿಹಸಿರು, ಗುಲಾಬಿ, ಊದಾಗಳು ಸಾಮಾನ್ಯರ ಕೈಗೆ ಸಿಕ್ಕಿದ್ದು ಹೀಗೆ. ಮೈಗೆ ಹಾನಿಕರವಾದ ಕೆಲವು ಅಜೋ ಬಣ್ಣಗಳನ್ನು ಭಾರತ 1997ರಲ್ಲಿ ನಿಷೇಧಿಸಿತು.

ಇಳಕಲ್ ಸೀರೆಯ ರಚನೆ

ಇಳಕಲ್ ಸೀರೆಗೆ ಮೂರು ಭಾಗ: ಒಡಲು, ದಡಿ ಮತ್ತು ಸೆರಗು. ಒಡಲು ಸಾಮಾನ್ಯವಾಗಿ ಹತ್ತಿ; ಸೆರಗಿನ ಹಾಸು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲೂ ರೇಷ್ಮೆಯಾದ ಸೀರೆಗಳೂ ಇವೆ. ಸೆರಗಿನಲ್ಲಿ ಕೆಂಪು ಪಟ್ಟೆಗಳು ಮೂರು, ನಡುವೆ ಬಿಳಿಯ ಭಾಗಗಳು ಎರಡು. ಕೆಂಪು ಮತ್ತು ಬಿಳಿ ಸಂಧಿಸುವಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಯಂಥ ಆಕೃತಿಗಳು. ದಡಿಗಳಲ್ಲಿ ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟಿ ಎಂಬ ಬಗೆಗಳಿದ್ದು, ಅವುಗಳ ಬಣ್ಣ ಬಹುತೇಕ ಕೆಂಪು ಅಥವಾ ಕಂದುಗೆಂಪು.

ಬಣ್ಣದ ಒಪ್ಪಿನ ದೃಷ್ಟಿಯಿಂದ ಈ ಸೀರೆಯ ನೇಯ್ಗೆಯ ಎರಡು ತಂತ್ರಗಳು ಮುಖ್ಯ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುವುದಕ್ಕೆ ‘ತೋಪು ತೆನಿ’ ಎನ್ನುತ್ತಾರೆ. ಹೀಗೆ ಜೋಡಿಸಬೇಕಾದ್ದರಿಂದ ನೇಕಾರರು ಮಗ್ಗಕ್ಕೆ ಒಂದು ಸಲಕ್ಕೆ ಒಂದೇ ಸೀರೆಯ ಹಾಸನ್ನು, ಅಂದರೆ 6, 8 ಅಥವಾ 9 ಗಜ ಮಾತ್ರ, ಏರಿಸುತ್ತಾರೆ. ಉಳಿದೆಡೆ ಒಂದೇ ಹಾಸಿನಲ್ಲಿ ಹಲವು ಸೀರೆ ಇಳಿಯುವಾಗ ಅವೆಲ್ಲ ಒಂದೇ ಬಣ್ಣದ ನೆಲ ಪಡೆಯುತ್ತವೆ. ಇಳಕಲ್ಲಿನಲ್ಲಿ ಪ್ರತಿ ಸೀರೆಗೂ ಒಡಲಿನ ಬಣ್ಣ ಬೇರೆ ಮಾಡಲು ಅವಕಾಶವಿದೆ. ಇನ್ನೊಂದು ತಂತ್ರ ‘ಕೊಂಡಿ’. ಮೂರು ಲಾಳಿಗಳನ್ನು ಬಳಸಿ, ಒಂದು ಒಡಲಿಗೆ, ಉಳಿದೆರಡು ಎರಡೂ ಬದಿಯ ದಡಿಗಳಿಗೆ, ಹೊಕ್ಕುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾರೆ. ಒಡಲಿನ ಹೊಕ್ಕು ದಡಿಯೊಳಗೆ ಹಾಯುವುದಿಲ್ಲ. ಹಾಗಾಗಿ ಹಸಿರು ಒಡಲಿನ ಪಕ್ಕದ ಕೆಂಪು ದಡಿ ಕಂದಾಗದೆ ಅಚ್ಚಗೆಂಪಾಗಿಯೇ ಉಳಿಯುತ್ತದೆ.

ಈ ರಚನೆ ಒಂದು ಜಾಣ ವಿಂಗಡಣೆಯನ್ನು ಮಾಡುತ್ತದೆ. ಈ ಸೀಮೆಯಲ್ಲಿ ಸೆರಗನ್ನು ತಲೆಯ ಮೇಲೆ ಹೊದೆಯುವುದು ರೂಢಿ. ಆಗ ಹಣೆ ಮತ್ತು ಕೆನ್ನೆಯನ್ನು ಸುತ್ತುವರಿಯುವುದು ದಡಿಯ ಕೆಂಪು. ಒಡಲಿನ ಬಣ್ಣ ಮುಖದಿಂದ ತುಸು ದೂರದಲ್ಲಿ, ಸೊಂಟದಿಂದ ಕೆಳಗೆ ಹೆಚ್ಚಾಗಿ ಹರಡುತ್ತದೆ. ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಬಹುಮಂದಿಗೆ ಹೊಂದುವ ಕಡುಗೆಂಪನ್ನು ಸಮುದಾಯ ಎಲ್ಲರಿಗೂ ಸ್ಥಿರವಾಗಿ ಕೊಟ್ಟು, ಒಡಲಿನ ಬಣ್ಣವನ್ನು ಆಯಾ ಹೆಂಗಸಿನ ಇಷ್ಟಕ್ಕೆ ಬಿಟ್ಟಿದೆ. ಒಬ್ಬೊಬ್ಬರ ಒಪ್ಪಿಗೂ ಊರಿನ ಒಪ್ಪಿಗೂ ಒಂದೇ ಬಟ್ಟೆಯಲ್ಲಿ ಜಾಗ ಮಾಡಿಕೊಟ್ಟಿರುವುದೇ ಇಳಕಲ್ ಸೀರೆಯ ಅತಿ ದೊಡ್ಡ ಗುಣವೆನ್ನಬೇಕು. ಅದರ ಆಕೃತಿಗಳ ಬಗ್ಗೆ ಬರೆದಷ್ಟು ಈ ಗುಣದ ಬಗ್ಗೆ ಬರೆದದ್ದು ಕಡಿಮೆ.

ಒಡಲಿನ ಸಾಂಪ್ರದಾಯಿಕ ಬಣ್ಣಗಳಲ್ಲಿ ದಾಳಿಂಬರಿ ಕೆಂಪು, ನವಿಲುಬಣ್ಣ, ಗಿಳಿಹಸಿರು ಪ್ರಸಿದ್ಧ. ಮದುಮಗಳಿಗೆ ಗಿರಿಕುಂಕುಮ ಎಂಬ ಬಣ್ಣ. ಕಪ್ಪು ನೆಲಕ್ಕೆ ಕೆಂಪು ದಡಿಯ ಸೀರೆ ಚಂದ್ರಕಾಳಿ. ಇದರಲ್ಲಿ ಹತ್ತಿಯ ಕಪ್ಪು ಬೆಳಕನ್ನು ಹೀರುತ್ತದೆ, ಸೆರಗಿನ ರೇಷ್ಮೆ ಬೆಳಕನ್ನು ಹಿಂದಿರುಗಿಸುತ್ತದೆ. ಎರಡರ ನಡುವೆ ಎಲ್ಲ ಬಗೆಯ ಮೈಬಣ್ಣವೂ ಕಳೆಗಟ್ಟುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇದರ ಮೇಲೆ ಕಸೂತಿ ಹಾಕುವ ಪದ್ಧತಿಯೂ ಉಂಟು.

ಖಣ

ಗುಳೇದಗುಡ್ಡದ ಖಣ ಕುಪ್ಪಸದ ಬಟ್ಟೆ. ಕುತ್ತಿಗೆ ಮತ್ತು ಗದ್ದಕ್ಕೆ ತೀರ ಹತ್ತಿರ ಬರುವುದು ಇದೇ ಆದ್ದರಿಂದ ಬಣ್ಣದ ಒಪ್ಪಿನಲ್ಲಿ ಖಣದ ಪಾತ್ರ ಅದರ ಅಳತೆಗಿಂತ ದೊಡ್ಡದು. ಕೊಂಡಿಯ ತತ್ವಕ್ಕೆ ಇದು ನೇರ ವಿರುದ್ಧ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ಎರಡೂ ಬೆರೆಯುತ್ತವೆ. ನೀಲಿ ಹಾಸಿಗೆ ಕೆಂಪು ಹೊಕ್ಕು ಹಾಕಿದ ಖಣವನ್ನು ಕೈಯಲ್ಲಿ ಹಿಡಿದು ಓಲಾಡಿಸಿದರೆ ಮಡಿಕೆಯ ಒಂದು ಮಗ್ಗುಲು ಊದಾ, ಇನ್ನೊಂದು ಮಗ್ಗುಲು ಕೆಂಪು. ಹೀಗೆ ಬಿಸಿಲು-ನೆರಳಾಗಿ ಮಿನುಗುವ ಬಟ್ಟೆಯಲ್ಲಿ ಒಂದೇ ವರ್ಣದ ಹಟವಿರುವುದಿಲ್ಲ. ಆದ್ದರಿಂದ ಒಂದೇ ಖಣ ಹಲವು ಮೈಬಣ್ಣಗಳಿಗೂ ಹಲವು ಸೀರೆಗಳಿಗೂ ಹೊಂದುತ್ತದೆ. ತೇರು, ತುಳಸಿ ವೃಂದಾವನ, ಸೂರ್ಯನಾರಾಯಣ, ಆನೆಹೆಜ್ಜೆ ಮೊದಲಾದ ಬುಟ್ಟಾಗಳು ಇದರಲ್ಲಿ ಬರುತ್ತವೆ. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯೊಡನೆ ಇಡುವುದೂ ಖಣವನ್ನೇ. ಹೀಗೆ ಪ್ರತಿ ಮನೆಯ ಟ್ರಂಕಿನಲ್ಲಿ ಬಗೆಬಗೆಯ ಬಣ್ಣದ ಖಣಗಳು ಸೇರುತ್ತವೆ. ಹೆಣ್ಣುಮಕ್ಕಳು ಅವನ್ನು ಕನ್ನಡಿಯ ಮುಂದೆ ಕುತ್ತಿಗೆಗೆ ಹಿಡಿದು ನೋಡುತ್ತಲೇ ತಮಗೊಪ್ಪುವ ಬಣ್ಣವನ್ನು ಕಂಡುಕೊಳ್ಳುತ್ತಾರೆ.

ಇತರ ಉಡುಗೆಗಳು

ಗಂಡಸರ ಉಡುಗೆಯಲ್ಲಿ ಧೋತರ, ನೆಹರೂ ಶರ್ಟು ಬಿಳಿ. ಬಣ್ಣಕ್ಕೆ ಎರಡು ಜಾಗ: ಧೋತರದ ಅಂಚು ಮತ್ತು ರುಮಾಲು. ಬಿಸಿಲಿಗೆ ಕಪ್ಪಾದ ಮುಖದ ಮೇಲೆ ಕೆಂಪು, ಕೇಸರಿ ಅಥವಾ ಹಳದಿ ರುಮಾಲು ಎದ್ದು ಕಾಣುತ್ತದೆ. ಜಾತ್ರೆಯ ಜನಸಂದಣಿಯಲ್ಲಿ ದೂರದಿಂದ ಗುರುತಿಸಲೂ ಅನುಕೂಲ. ಹಿರಿಯರಲ್ಲಿ ಬಿಳಿ ಟೊಪ್ಪಿಗೆಯ ರೂಢಿಯಿದೆ. ಹೆಗಲ ಮೇಲಿನ ಕಂಬಳಿ ಕುರಿಯ ಉಣ್ಣೆಯ ಸಹಜ ಕಪ್ಪು.

ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ಮತ್ತು ತಲೆಯ ಮೇಲಿನ ಹೊದಿಕೆಗಳಲ್ಲಿ ಬಣ್ಣದ ತತ್ವ ಬೇರೆ. ಕೆಂಪಿನ ನೆಲದ ಮೇಲೆ ಹಳದಿ, ನೀಲಿ, ಹಸಿರು, ಬಿಳಿಗಳನ್ನು ಸಣ್ಣ ಸಣ್ಣ ತುಂಡುಗಳಾಗಿ, ಕನ್ನಡಿ ಮತ್ತು ಕವಡೆಗಳ ನಡುವೆ ಹರಡುತ್ತಾರೆ. ಯಾವೊಂದು ಬಣ್ಣವೂ ಮುಖದ ಮೇಲೆ ಆಳುವುದಿಲ್ಲ. ಕನ್ನಡಿಗಳು ಎರಚುವ ಬೆಳಕು ಮುಖಕ್ಕೂ ತಾಗುತ್ತದೆ. ಇಷ್ಟು ಚುರುಕಾದ ಬಣ್ಣಗಳನ್ನು ಇಷ್ಟು ಧಾರಾಳವಾಗಿ, ಆದರೂ ತೂಕ ತಪ್ಪದೆ ಬಳಸಿದ ಉಡುಗೆ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮೈಬಣ್ಣ, ಬೆಳಕು ಮತ್ತು ಕಣ್ಣು

ಮೈಬಣ್ಣಕ್ಕೆ ಮುಖ್ಯ ಕಾರಣ ಚರ್ಮದ ಮೆಲನಿನ್. ರಕ್ತದ ಹಿಮೋಗ್ಲೋಬಿನ್ ಕೆಂಪನ್ನೂ, ತರಕಾರಿ-ಹಣ್ಣುಗಳಿಂದ ಬರುವ ಕ್ಯಾರೊಟಿನ್ ಹಳದಿಯನ್ನೂ ಕೂಡಿಸುತ್ತವೆ. ಇವುಗಳ ಪ್ರಮಾಣದಿಂದ ಹೊರಗೆ ಕಾಣುವ ತಿಳಿ-ಕಡುವಿನ ಜೊತೆಗೆ ಒಂದು ‘ಒಳಛಾಯೆ’ ಉಂಟಾಗುತ್ತದೆ. ಅದು ಹಳದಿಯತ್ತ, ಗುಲಾಬಿಯತ್ತ ಅಥವಾ ನಡುವೆ ಇರಬಹುದು. ಸಾದಗಪ್ಪಿನ ಇಬ್ಬರಲ್ಲಿ ಒಬ್ಬರಿಗೆ ಲಿಂಬೆಹಳದಿ ಒಪ್ಪಿ ಇನ್ನೊಬ್ಬರಿಗೆ ಒಪ್ಪದಿರುವುದು ಇದರಿಂದ.

ಬಟ್ಟೆಯ ಬಣ್ಣ ಮುಖದ ಮೇಲೆ ಎರಡು ವಿರುದ್ಧ ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಪ್ರತಿಫಲನ. ಬಿಸಿಲಿನಲ್ಲಿ ಹಳದಿ ಬಟ್ಟೆ ಗದ್ದದ ಕೆಳಗೆ ಹಳದಿ ಬೆಳಕನ್ನೇ ಎರಚುತ್ತದೆ. ಎರಡನೆಯದು ಕಣ್ಣಿನ ಹೋಲಿಕೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನವಿಜ್ಞಾನಿ ಮಿಷೆಲ್ ಶೆವ್ರೆಲ್, ಕಪ್ಪು ನೂಲು ಸೊರಗಿ ಕಾಣುತ್ತದೆಂಬ ದೂರನ್ನು ಪರೀಕ್ಷಿಸಿ, ದೋಷ ಬಣ್ಣದಲ್ಲಿಲ್ಲ, ಪಕ್ಕದ ಬಣ್ಣದಲ್ಲಿದೆ ಎಂದು ತೋರಿಸಿದ. ಪಕ್ಕಪಕ್ಕದ ಎರಡು ಬಣ್ಣಗಳು ಪರಸ್ಪರ ಭೇದವನ್ನು ಹೆಚ್ಚಿಸಿಕೊಂಡು ಕಾಣುತ್ತವೆ ಎಂಬ ನಿಯಮವನ್ನು ಅವನ 1839ರ ಗ್ರಂಥ ವಿವರಿಸುತ್ತದೆ. ಮೈಬಣ್ಣಕ್ಕೆ ತಕ್ಕ ಉಡುಪಿನ ಚರ್ಚೆಯೂ ಅದರಲ್ಲಿದೆ. ಈ ನಿಯಮದಂತೆ ಹಸಿರಿನ ಪಕ್ಕ ಚರ್ಮದ ಕೆಂಪು ಹೆಚ್ಚಾಗಿ ಕಾಣುತ್ತದೆ. ಹಸಿರು ಸೀರೆಯಲ್ಲಿ ಗರ್ಭಿಣಿಯ ಮುಖಕ್ಕೆ ಕಳೆ ಬರುತ್ತದೆ ಎಂಬ ಊರಿನ ನಂಬಿಕೆಗೆ ಕಣ್ಣಿನ ಈ ಗುಣ ಬೆಂಬಲವಾಗಿದೆ. ಹೊಳಪಿನ ಬಟ್ಟೆಯಲ್ಲಿ ಪ್ರತಿಫಲನ ಮೇಲುಗೈ ಪಡೆಯುತ್ತದೆ, ಹೊಳಪಿಲ್ಲದ ಹತ್ತಿಯಲ್ಲಿ ಹೋಲಿಕೆ.

ಬೆಳಕಿನ ಪ್ರಮಾಣವೂ ಮುಖ್ಯ. ಬೆಳಕು ಹೆಚ್ಚಿದಷ್ಟೂ ಬಣ್ಣಗಳು ಚುರುಕಾಗಿ ಕಾಣುತ್ತವೆ. ಹೊತ್ತು ಮುಳುಗುವಾಗ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಉಳಿದುಕೊಳ್ಳುತ್ತವೆ. ಇದನ್ನು 19ನೆಯ ಶತಮಾನದ ಆರಂಭದಲ್ಲಿ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ. ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಎರಡು ಬಟ್ಟೆಗಳು ಬಿಸಿಲಿನಲ್ಲಿ ಬೇರೆಯಾಗುವುದೂ ಉಂಟು. ಅಂಗಡಿಯ ಗಾದಿಯ ಮೇಲೆ ಹರಡಿದ ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಹೊರಗಿನ ಬೆಳಕಿಗೆ ಹಿಡಿದು ನೋಡುವ ಹೆಂಗಸರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಒಪ್ಪುವ ಬಣ್ಣವನ್ನು ಗುರುತಿಸುವ ಕ್ರಮ

ಪರೀಕ್ಷೆಗೆ ತಕ್ಕ ಬೆಳಕು ಹಗಲಿನ ನೆರಳು: ಪಡಸಾಲೆ, ಕಟ್ಟೆ ಅಥವಾ ಬಡಗಣ ಕಿಟಕಿ. ನೇರ ಬಿಸಿಲು ಮುಖವನ್ನು ಕಿವುಚಿಸುತ್ತದೆ, ಒಳಮನೆಯ ದೀಪ ಎಲ್ಲಕ್ಕೂ ಹಳದಿ ಬಳಿಯುತ್ತದೆ. ಮುಖಕ್ಕೆ ಪೌಡರು ಇರಬಾರದು. ಬಟ್ಟೆಯನ್ನು ಕೊರಳಿಗೆ ಹಿಡಿದು ಬಟ್ಟೆಯನ್ನಲ್ಲ, ಮುಖವನ್ನೇ ನೋಡಬೇಕು. ಕಣ್ಣಿನ ಕೆಳಗಿನ ಕಪ್ಪು ಇಳಿಯಿತೇ, ತುಟಿಯ ಬಣ್ಣ ತಿಳಿಯಾಗಿ ಕಂಡಿತೇ, ಕಣ್ಣು ಮಿಂಚಿತೇ ಎಂಬುವು ಒಪ್ಪಿನ ಗುರುತುಗಳು. ಮುಖ ಬೂದಿ ಬಡಿದಂತಾದರೆ, ಅಥವಾ ನೋಡುವವರ ಕಣ್ಣು ಬಟ್ಟೆಯ ಮೇಲೇ ನಿಂತರೆ, ಆ ಬಣ್ಣ ಕೊರಳಿನ ಹತ್ತಿರ ಬೇಡ.

ಒಂದೇ ಬಣ್ಣವನ್ನು ಒಂಟಿಯಾಗಿ ನೋಡಿದರೆ ತೀರ್ಪು ಸಿಗುವುದಿಲ್ಲ. ಜೋಡಿಯಾಗಿ ಹಿಡಿಯಬೇಕು: ಹಾಲುಬಿಳಿಯ ಪಕ್ಕ ಕೆನೆಬಿಳಿ, ಕುಂಕುಮಗೆಂಪಿನ ಪಕ್ಕ ದಾಳಿಂಬರಿ ಕೆಂಪು, ಗಿಳಿಹಸಿರಿನ ಪಕ್ಕ ನವಿಲುಬಣ್ಣ. ಈ ಮೂರು ಜೋಡಿಗಳ ಉತ್ತರ ದೊರೆತರೆ ಒಳಛಾಯೆಯ ದಿಕ್ಕು ಬಹುಮಟ್ಟಿಗೆ ತಿಳಿಯುತ್ತದೆ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡುವ ಪ್ರಚಲಿತ ಪರೀಕ್ಷೆ ಕಡು ಚರ್ಮದಲ್ಲಿ ನಂಬಲರ್ಹವಲ್ಲ.

ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು. ಎಣ್ಣೆಗಪ್ಪು ಮತ್ತು ಸಾದಗಪ್ಪಿಗೆ ಚುರುಕಾದ ಬಣ್ಣಗಳು, ಅಂದರೆ ಕುಸುಬೆ ಹೂವಿನ ಕಿತ್ತಳೆ, ಗಿಳಿಹಸಿರು, ಅಚ್ಚ ಬಿಳಿ, ಸೊಗಸಾಗಿ ನಿಲ್ಲುತ್ತವೆ. ಗೋಧಿಬಣ್ಣಕ್ಕೆ ನವಿಲುಬಣ್ಣ, ಬದನೆಕಾಯಿ ಬಣ್ಣ, ಕಡುಗೆಂಪು ಹೊಂದುತ್ತವೆ. ಯಾರಿಗಾದರೂ ತೊಡಕಾಗುವುದು ತಮ್ಮ ಚರ್ಮದ ತಿಳಿ-ಕಡುವಿಗೇ ಸಮನಾದ ಮಂಕು ಕಂದುಗಳು. ಬಟ್ಟೆಗೂ ಮೈಗೂ ಗಡಿ ಅಳಿಸಿಹೋಗುತ್ತದೆ. ಕಪ್ಪಗಿರುವವರು ಭಡಕ ಬಣ್ಣ ಉಡಬಾರದೆಂಬ ಮಾತಿಗೆ ಆಧಾರವಿಲ್ಲ. ಅದು ಬಣ್ಣದ ಜ್ಞಾನದಿಂದ ಬಂದದ್ದಲ್ಲ, ಬಿಳುಪಿನ ಮೋಹದಿಂದ ಬಂದದ್ದು. ಎಷ್ಟೋ ಹೆಣ್ಣುಮಕ್ಕಳಿಂದ ಅವರಿಗೆ ಅತ್ಯಂತ ಒಪ್ಪುವ ಬಣ್ಣಗಳನ್ನೇ ಕಿತ್ತುಕೊಂಡಿದೆ.

ಮೆಚ್ಚಿನ ಬಣ್ಣ ಒಪ್ಪದಿದ್ದರೆ ಅದನ್ನು ಬಿಡಬೇಕೆಂದಿಲ್ಲ. ಒಡಲಿಗೆ ಇಳಿಸಿ, ಕೊರಳಿನ ಹತ್ತಿರ ಒಪ್ಪುವ ಬಣ್ಣದ ಖಣ ತೊಡುವುದು ಈ ಸೀಮೆಯ ಹಳೆಯ ಉಪಾಯ. ಸಲ್ವಾರ್-ಕಮೀಜಿನಲ್ಲಿ ದುಪಟ್ಟಾ, ಶರ್ಟಿನಲ್ಲಿ ಕಾಲರು ಇದೇ ಕೆಲಸ ಮಾಡುತ್ತವೆ. ಹೊಸ ಬಣ್ಣವನ್ನು ಮೊದಲು ಒಂದು ಕುಪ್ಪಸದಲ್ಲಿ ತೊಟ್ಟು ನೋಡಿದರೆ ಖರ್ಚೂ ಕಡಿಮೆ, ಧೈರ್ಯವೂ ಬರುತ್ತದೆ.

ಸಂದರ್ಭದ ಬಣ್ಣಗಳು

ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ. ಮದುವೆಯ ಅರಿಶಿನದ ಶಾಸ್ತ್ರಕ್ಕೆ ಹಳದಿ ಅಥವಾ ಅರಿಶಿನ ಹಚ್ಚಿದ ಬಿಳಿ. ಸಂಕ್ರಾಂತಿಯ ಚಳಿಯಲ್ಲಿ ಗಡಿಯ ಮರಾಠಿ ರೂಢಿಯ ಪ್ರಭಾವದಿಂದ ಕಪ್ಪು ಸೀರೆಗೆ ಮಾನ್ಯತೆಯಿದೆ; ಮಿಕ್ಕ ಶುಭಕಾರ್ಯಗಳಲ್ಲಿ ಅಚ್ಚ ಕಪ್ಪನ್ನು ದೂರವಿಡುವವರೂ ಅಂದು ಅದನ್ನು ಉಡುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ, ಆಳೆತ್ತರದ ಬಿಳಿಜೋಳದ ಹಸಿರಿನ ನಡುವೆ ಕೆಂಪು ಸೆರಗಿನ ಸಾಲು ದೂರಕ್ಕೇ ಕಾಣುತ್ತದೆ. ಮಠದ ಸ್ವಾಮಿಗಳದು ಕಾವಿ. ವಿಧವೆಯರಿಗೆ ಹಸಿರನ್ನೂ ಕುಂಕುಮವನ್ನೂ ನಿರಾಕರಿಸುತ್ತಿದ್ದ ಕಟ್ಟಳೆ ಸಡಿಲವಾಗಿದೆ, ಪೂರ್ತಿ ಹೋಗಿಲ್ಲ, ಹೋಗಬೇಕಾದದ್ದು.

ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಉಡುವ ಪದ್ಧತಿ ಪುರಾತನವಲ್ಲ. 2000ರ ದಶಕದ ಆರಂಭದಲ್ಲಿ ಮುಂಬಯಿಯ ಮರಾಠಿ ಪತ್ರಿಕೆಯ ಮೂಲಕ ಜನಪ್ರಿಯವಾಗಿ ಗಡಿ ದಾಟಿ ಬಂದದ್ದು. ಆದರೂ ಬೂದು, ಕಿತ್ತಳೆ, ಊದಾದಂಥ ಬಣ್ಣಗಳನ್ನು ಎಂದೂ ಮುಟ್ಟದಿದ್ದವರು ಉಟ್ಟು ನೋಡಲು ಅದು ದಾರಿ ಮಾಡಿದೆ.

ಹೊರಗಿನ ಪದ್ಧತಿಗಳು

ಮನುಷ್ಯರನ್ನು ವಸಂತ, ಗ್ರೀಷ್ಮ, ಶರತ್, ಶಿಶಿರ ಎಂದು ನಾಲ್ಕು ಋತುಗಳಾಗಿ ವಿಂಗಡಿಸಿ ಬಣ್ಣ ಸೂಚಿಸುವ ಪದ್ಧತಿ ಅಮೆರಿಕದಲ್ಲಿ ಬೆಳೆಯಿತು. ಸುಝಾನ್ ಕೇಗಿಲ್ ಅದರ ಮೊದಲಿಗರಲ್ಲಿ ಒಬ್ಬರು. ಕ್ಯಾರೊಲ್ ಜಾಕ್ಸನ್ ಅವರ 1980ರ ‘ಕಲರ್ ಮಿ ಬ್ಯೂಟಿಫುಲ್’ ಪುಸ್ತಕ ಅದನ್ನು ಮನೆಮಾ­ತು ಮಾಡಿತು. ಈಚೆಗೆ ದಕ್ಷಿಣ ಕೊರಿಯಾದಲ್ಲಿ ‘ಪರ್ಸನಲ್ ಕಲರ್’ ಹೆಸರಿನಲ್ಲಿ ಇದು ಹೊಸ ಚಾಲ್ತಿ ಪಡೆದಿದೆ. ಕೂದಲು ಮತ್ತು ಕಣ್ಣಿನ ಬಣ್ಣಗಳ ಭೇದವನ್ನು ಹೆಚ್ಚಾಗಿ ನಂಬಿದ ಈ ವಿಂಗಡಣೆ, ಬಹುತೇಕ ಎಲ್ಲರದೂ ಕಪ್ಪು ಕೂದಲು, ಕಂದು ಕಣ್ಣು ಇರುವ ನಮ್ಮ ಸೀಮೆಯಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಬಹುಪಾಲು ಜನ ಒಂದೆರಡು ಋತುಗಳಲ್ಲೇ ಗುಂಪಾಗಿಬಿಡುತ್ತಾರೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಡೇವಿಡ್ ಪೆರೆಟ್ ಮತ್ತು ರೈನರ್ ಸ್ಪ್ರೆಂಗೆಲ್‌ಮೇಯರ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡುಗರು ಬೆಳ್ಳನೆಯ ಮುಖಗಳಿಗೆ ನೀಲಿಯನ್ನೂ ಬಿಸಿಲಿಗೆ ಕಂದಿದ ಮುಖಗಳಿಗೆ ಕೆಂಪು-ಕಿತ್ತಳೆಗಳನ್ನೂ ಹೆಚ್ಚಾಗಿ ಆರಿಸಿದರು. ಪರೀಕ್ಷೆಗೆ ಒಳಗಾದವು ಐರೋಪ್ಯ ಮೂಲದ ಮುಖಗಳು. ಚರ್ಮದ ಬಗೆಗಳನ್ನು ವಿಂಗಡಿಸಲು ಚರ್ಮತಜ್ಞ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ಮಾಪಕ ಬಿಸಿಲಿಗೆ ಚರ್ಮ ಸುಡುವ ಸ್ವಭಾವವನ್ನು ಹೇಳುತ್ತದೆ, ಉಡುಪಿಗೆ ಸಂಬಂಧಿಸಿದ್ದಲ್ಲ. ಮೈಬಣ್ಣವನ್ನು ಅಳೆಯುವ 2022ರ ಮಾಂಕ್ ಮಾಪಕ 10 ಹಂತಗಳಲ್ಲಿ ಕಡು ಬಣ್ಣಗಳಿಗೂ ಸರಿಯಾದ ಜಾಗ ಕೊಟ್ಟಿದೆ.

ಇಂದಿನ ಸ್ಥಿತಿ

ಇಳಕಲ್ ಸೀರೆಯ ಒಡಲಿಗೆ ಇಂದು ದೊರೆಯುವ ಬಣ್ಣಗಳು ಹಿಂದೆಂದಿಗಿಂತ ಹೆಚ್ಚು: ತಿಳಿಗುಲಾಬಿ, ಪಿಸ್ತಾ ಹಸಿರು, ಬೂದು, ಸಾಸಿವೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಕೈಮಗ್ಗದ ಜಾಗವನ್ನು ಬಹುಮಟ್ಟಿಗೆ ತೆಗೆದುಕೊಂಡಿವೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ‘ಪ್ರಿಯದರ್ಶಿನಿ’ ಹೆಸರಿನ ಮಳಿಗೆಗಳಲ್ಲಿ ಕೈಮಗ್ಗದ ಬಟ್ಟೆಗಳನ್ನು ಮಾರುತ್ತದೆ. ಕಾಲೇಜುಗಳ ಸಾಂಪ್ರದಾಯಿಕ ದಿನಗಳಲ್ಲಿ ಹುಡುಗಿಯರು ಅಜ್ಜಿಯ ಟ್ರಂಕಿನ ಸೀರೆ ಉಡುವುದು, ಖಣದಿಂದ ಮಕ್ಕಳ ಪರಕಾರ-ಪೋಲಕ, ಗಂಡಸರ ಜಾಕೀಟು, ಕೈಚೀಲ ಹೊಲಿಸುವುದು ರೂಢಿಗೆ ಬಂದಿದೆ.

ಮೊಬೈಲಿನಲ್ಲಿ ನೋಡಿ ಕೊಳ್ಳುವ ವ್ಯಾಪಾರ ಬಣ್ಣದ ಒಪ್ಪಿಗೆ ಹೊಸ ತೊಡಕು ತಂದಿದೆ. ಪರದೆಯ ಬಣ್ಣ ಫೋನಿನಿಂದ ಫೋನಿಗೆ ಬದಲಾಗುತ್ತದೆ, ಫಿಲ್ಟರ್ ಹಾಕಿದ ಚಿತ್ರದಲ್ಲಿ ಚುರುಕು ಹೆಚ್ಚುತ್ತದೆ, ಖಣದ ಬಿಸಿಲು-ನೆರಳು ನಿಂತ ಚಿತ್ರದಲ್ಲಿ ಬರುವುದೇ ಇಲ್ಲ. ನೇಕಾರರಿಂದ ನೇರವಾಗಿ ಕೊಳ್ಳುವವರು ಹಗಲಿನ ನೆರಳಿನಲ್ಲಿ, ಪಕ್ಕದಲ್ಲಿ ಬಿಳಿ ಬಟ್ಟೆಯ ತುಂಡೊಂದನ್ನು ಇಟ್ಟು ತೆಗೆದ ವಿಡಿಯೊ ಕೇಳಿಕೊಂಡರೆ ನಿಜವಾದ ಬಣ್ಣಕ್ಕೆ ಬಹಳಷ್ಟು ಹತ್ತಿರ ಬರಬಹುದು. ಒಂದು ಸೀರೆಗೆ ಒಂದೇ ಹಾಸು ಏರಿಸುವ ಕೈಮಗ್ಗದಲ್ಲಿ ತಮಗೆ ಬೇಕಾದ ಒಡಲಿನ ಬಣ್ಣವನ್ನು ಹೇಳಿ ನೇಯಿಸಿಕೊಳ್ಳಲೂ ಸಾಧ್ಯವಿದೆ.